ಸೂಕ್ಷ್ಮಾದೇಶಗಳ ಸಹವಾಸ

ಎಂಬತ್ತರ ದಶಕದಲ್ಲಿ, ಥಾಣೆ–ಬೇಲಾಪುರ ರಸ್ತೆಯ ಬದಿಯ ಕಾರ್ಖಾನೆಯೊಂದರಲ್ಲಿ, ಒಂದೊಂದೂ 4 ಬಿಟ್‌ನ ಎ.ಎಂ.ಡಿ. 2901 ಚಿಪ್ಪುಗಳನ್ನು ಸಾಲಾಗಿ ಜೋಡಿಸಿ 16 ಬಿಟ್‌ನ ಪ್ರೊಸೆಸರೊಂದನ್ನು ಕಟ್ಟುವ ಕಾರ್ಯ ನಡೆದಿರಲಾಗಿ, ಅದರ ಮೈಕ್ರೊಕೋಡ್ ಬರೆಯುವ ಭಾರ ನನ್ನ ಪಾಲಿಗೆ ಬಂದಿತು. ಡೊಂಬಿವಲಿಯಿಂದ ಲೋಕಲ್‌ನಲ್ಲಿ ಥಾಣೆಗೆ ಬಂದು, ಕಳವಾ ಸೇತುವೆ ದಾಟುವ ಬಸ್ಸಿಗಾಗಿ ಕಾಯುತ್ತಿದ್ದ ಕಾಲವದು. ಥಾಣೆಯಿಂದ ವಾಶಿಗೆ ರೈಲೆಂಬುದು ಇನ್ನೂ ದೂರದ ಮಾತು.

ಯಂತ್ರದ ಪ್ರತಿಯೊಂದು ಆದೇಶವನ್ನೂ ಸೂಕ್ಷ್ಮತರ ಆದೇಶಗಳ ಸರಣಿಯಾಗಿ ಒಡೆದು ಒಳಸ್ಮೃತಿಯಲ್ಲಿಡಬಹುದೆಂದು ಇಂಗ್ಲೆಂಡಿನ ವಿಲ್ಕ್ಸ್ ಮಹಾಶಯರು 1951ರಲ್ಲಿಯೇ ತೋರಿಸಿದ್ದರು. ನಮ್ಮ ಸೂಕ್ಷ್ಮಾದೇಶದ ಅಗಲ 64 ಬಿಟ್. ಅದನ್ನು ಬರೆಯಲು ನೆರವಾದ ಆಮ್‌ಡ್ಯಾಸಮ್ ಎಂಬ ಅಸೆಂಬ್ಲರಿಗೆ ತನ್ನದೆಂಬ ಆದೇಶಗಳೇ ಇರಲಿಲ್ಲ. ಯಾವ ಬಿಟ್ ಯಾವುದಕ್ಕೆಂಬ ವ್ಯಾಖ್ಯೆಯನ್ನು ಮೊದಲು ನಾವೇ ಬರೆದುಕೊಡಬೇಕು. ಪ್ರೋಗ್ರಾಮಿಗಿಂತ ಆ ವ್ಯಾಖ್ಯೆಯ ಕಡತಕ್ಕೇ ಹೆಚ್ಚು ಶ್ರಮ ಸಲ್ಲಬೇಕೆಂಬುದನ್ನು ಅಲ್ಲಿ ನಡೆದ ಒಂದು ಪ್ರಸಂಗ ಮನಗಾಣಿಸಿತು.

ತಿದ್ದಿ ಬರೆಯಬಹುದಾದ ರ‍್ಯಾಮ್‌ನಲ್ಲಿ ನಿರ್ದುಷ್ಟವಾಗಿ ನಡೆಯುತ್ತಿದ್ದ ಕೋಡು, ಪ್ರಾಮ್‌ಗಳಿಗೆ ಸುಟ್ಟೊಡನೆ ಮೆಮೊರಿಯನ್ನೆಲ್ಲ ಕೆಡಿಸತೊಡಗಿತು. ಏನಿದ್ದರೂ ನಡೆದೀತೆಂದು ಯಾರೋ ಬಿಟ್ಟಿದ್ದ ಒಂದು ಬಿಟ್ಟಿಗೆ ರ‍್ಯಾಮ್ ತುಂಬುವ ಪ್ರೋಗ್ರಾಮು 0 ಹಾಕುತ್ತಿತ್ತು, ಪ್ರಾಮ್‌ಗೆ ಸಿದ್ಧಪಡಿಸುವ ಪ್ರೋಗ್ರಾಮು 1; ಆ ಬಿಟ್ಟೋ, ಮೆಮೊರಿಯ ಮೇಲೆ ಬರೆಯಲು ಅಪ್ಪಣೆ ಕೊಡುವಂಥದು! ಫ್ಯೂಸ್ ಕರಗಿದ ಪ್ರಾಮ್ ಮರಳಿ ಬಾರದಾದ್ದರಿಂದ ಇಡೀ ಕಂತು ಕಸದ ಬುಟ್ಟಿ ಸೇರಿತು. ಅಂದಿನಿಂದ, ಯಾವುದನ್ನಾದರೂ ಚಾಲೂ ಮಾಡಬಲ್ಲ ಬಿಟ್ಟಿಗೆ, ಬೇಕಿರಲಿ ಬೇಡವಿರಲಿ, ನಿರುಪದ್ರವಿಯಾದ ಬೆಲೆಯೊಂದನ್ನು ವ್ಯಾಖ್ಯೆಯಲ್ಲಿಯೇ ಕಟ್ಟಿಹಾಕುವುದು ನನ್ನ ನಿಯಮವಾಯಿತು.

ದೋಷಶೋಧನೆಯ ಸಾಧನಗಳಲ್ಲಿ ನನಗೆ ಪ್ರಿಯವಾದುದು ಕ್ಲಾಕನ್ನು ಒಂದೊಂದೇ ಬಡಿತಕ್ಕೆ ನಡೆಸುವ ಸ್ವಿಚ್ಚು. ಆದರೆ ಅದು ಎಲ್ಲ ಕಾಲಕ್ಕೂ ಸತ್ಯ ನುಡಿಯದು. ನಾಲ್ಕು ಚಿಪ್ಪುಗಳನ್ನು ದಾಟಿ ಬರಬೇಕಾದ ಕ್ಯಾರಿಗೆ ಮೆಲ್ಲನೆ ನಡೆಸಿದಾಗ ಬೇಕಾದಷ್ಟು ವ್ಯವಧಾನ. ಪೂರ್ಣ ವೇಗದಲ್ಲಿ ಅದು ತಲುಪುವುದರೊಳಗೆ ಫ್ಲ್ಯಾಗು ಹಳೆಯ ಬೆಲೆಯನ್ನೇ ಹಿಡಿದುಬಿಡುತ್ತಿತ್ತು. ಲಾಜಿಕ್ ಅನಲೈಸರನ್ನು ಎರವಲು ತಂದು ನೋಡುವವರೆಗೂ ಈ ಮಾಯೆ ಬಿಡಿಸಲಾಗಲಿಲ್ಲ.

ಈಗ ಅದೇ ರಸ್ತೆಯುದ್ದಕ್ಕೂ, ಐರೋಲಿ, ಮಹಾಪೆಗಳಲ್ಲಿ, ಡೇಟಾ ಸೆಂಟರುಗಳೆದ್ದಿವೆ. ಅಲ್ಲಿನ ಪ್ರೊಸೆಸರುಗಳಿಗೆ ಮೈಕ್ರೊಕೋಡಿನ ತಿದ್ದುಪಡಿ ಯಂತ್ರ ಏಳುವಾಗಲೇ ಒಳಸೇರುತ್ತದೆ. ಇಂಟೆಲ್ ಪ್ರೊಸೆಸರುಗಳಲ್ಲಿ ಅದು ಗೂಢಲಿಪಿಯಲ್ಲಿರುವುದರಿಂದ ಒಡೆಯನಿಗೂ ಓದಲಾಗದು. ಸ್ಪೆಕ್ಟರ್ ದೋಷಕ್ಕೆಂದು ಹೊರಟ ತಿದ್ದುಪಡಿಯಿಂದ ಯಂತ್ರಗಳು ತಾವಾಗಿ ಮರುಚಾಲೂ ಆಗತೊಡಗಿ, 2018ರ ಜನವರಿಯಲ್ಲಿ ಇಂಟೆಲ್ ಸಂಸ್ಥೆಯೇ ಅದರ ಅಳವಡಿಕೆಯನ್ನು ನಿಲ್ಲಿಸಿರೆಂದು ಹೇಳಬೇಕಾಯಿತು. ಆಗ ಆ ಯಂತ್ರಗಳ ಪಾಲಕರಿಗೆ ಉಳಿದ ಉಪಾಯ ಹಳೆಯ ತಿದ್ದುಪಡಿಗೆ ಮರಳುವುದು, ಮುಂದಿನದಕ್ಕೆ ಕಾಯುವುದು. ಒಳಗೆ ಇಣುಕಲು ನಮಗಿದ್ದಂಥ ಒಂದು ಸ್ವಿಚ್ಚೂ ಅವರ ಕೈಯಲ್ಲಿಲ್ಲ.