ಅಂಗಳದಿಂದ ಸಭೆಯವರೆಗೆ: ಅಂಗನವಾಡಿಯ ಅಕ್ಕೋರಿಗೆ ಐದು ಹೆಜ್ಜೆಗಳು

ಕೇಣಿಯ ಕಡಲದಂಡೆಯಿಂದ ಮೀನುಬುಟ್ಟಿ ಹೊತ್ತು ಅಂಕೋಲೆಯ ಪೇಟೆಗೆ ನಡೆಯುವ ತಾಯಿಯು ತನ್ನ ಮೂರು ವರ್ಷದ ಕೂಸನ್ನು ಯಾರ ವಶಕ್ಕೆ ಒಪ್ಪಿಸಿ ಹೋಗುವಳೋ, ಆ ಅಂಗನವಾಡಿಯ ಅಕ್ಕೋರೇ ಆ ಕೂಸಿನ ಪರವಾಗಿ ಊರಿನೆದುರು ಮಾತನಾಡಲು ಮೊದಲ ಅಧಿಕಾರವುಳ್ಳವರು. ಮುಂದಾಳುತನವು ಹುಟ್ಟುಗುಣವೆಂದು ಭಾವಿಸಿ ಹಿಂಜರಿಯುವವರು ಇದೇ ಪಶ್ಚಿಮ ಸಮುದ್ರದ ತೀರದಲ್ಲಿರುವ ಬೋರ್ಡಿಯನ್ನು ನೆನೆಯಬೇಕು. 1945ರಲ್ಲಿ ಅಲ್ಲಿ ಬಾಲಶಿಕ್ಷಣ ಕೇಂದ್ರವನ್ನು ತೆರೆದ ತಾರಾಬಾಯಿ ಮೋಡಕರು, ಬಡವರ ಮಕ್ಕಳು ಶಾಲೆಗೆ ಬಾರದಿರುವುದರ ಕಾರಣವನ್ನು ಕಣ್ಣಾರೆ ಕಂಡು, ಶಾಲೆಯನ್ನೇ ಅವರ ಅಂಗಳಕ್ಕೆ ಒಯ್ದರು. ಅಂಗನವಾಡಿಯ ಕಲ್ಪನೆಯು ಮೊಳೆತುದು ಹೀಗೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಅಂಗನವಾಡಿಯನ್ನು ದೇಶದ ಹಳ್ಳಿಹಳ್ಳಿಗೂ ತಲಪಿಸಿತು. ಮಗುವನ್ನು ಚೆನ್ನಾಗಿ ಕಂಡವರಿಗೇ ಮಗುವಿನ ಪರವಾದ ಮಾತು ಒದಗುವುದೆಂಬುದು ಕೆಳಗಿನ ಕ್ರಮದ ತಿರುಳು.

1. ಕಂಡುದನ್ನು ಬರೆದಿಡಿ. ಇಲಾಖೆಯ ದಾಖಲೆಗಳಲ್ಲದೆ ನಿಮ್ಮದೇ ಆದ ಒಂದು ಪುಸ್ತಕವಿರಲಿ. ‘ಮಳೆಗಾಲದಲ್ಲಿ ಮಕ್ಕಳು ಬರುವುದಿಲ್ಲ’ ಎಂಬ ದೂರಿಗೆ ಬೆಲೆ ಅಲ್ಪ. ಯಾವ ಯಾವ ದಿನ ಅಂಗಳದಲ್ಲಿ ನೀರು ನಿಂತಿತು, ಅಂದು ಎಷ್ಟು ಮಕ್ಕಳು ಬಾರದೆ ಹೋದರು ಎಂಬ ತಾರೀಖುಸಹಿತವಾದ ಬರಹವನ್ನು ಯಾರೂ ತಳ್ಳಿಹಾಕಲಾರರು.

2. ಮನೆಮಾತನ್ನು ಕಲಿಯಿರಿ. ಈ ಸೀಮೆಯ ಅನೇಕ ಮೀನುಗಾರರ ಮನೆಗಳಲ್ಲಿ ಕೊಂಕಣಿ, ಹಾಲಕ್ಕಿ ಸಮುದಾಯದವರ ಕೊಪ್ಪಗಳಲ್ಲಿ ಅವರದೇ ಆದ ಕನ್ನಡ. ಹಸಿವು, ನೋವು, ಹೆದರಿಕೆ ಇವುಗಳಿಗೆ ಮಗು ಬಳಸುವ ಪದಗಳನ್ನಾದರೂ ಮೊದಲು ಅರಿಯತಕ್ಕದ್ದು. ಅದರ ಅಳುವಿನ ಅರ್ಥವೇ ತಿಳಿಯದವರು ಅದರ ಪರವಾಗಿ ಏನನ್ನು ಹೇಳಿಯಾರು?

3. ಹೊತ್ತನ್ನರಿತು ಸಭೆ ಕರೆಯಿರಿ. ಪೇಟೆಯಿಂದ ತಾಯಂದಿರು ಮರಳಿ, ಉಂಡು ವಿಶ್ರಮಿಸಿದ ಮೇಲೆ ಅಂಗನವಾಡಿಯ ಬಾಲವಿಕಾಸ ಸಮಿತಿಯು ಕೂಡಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದು ನಿಷಿದ್ಧವಾದುದರಿಂದ, ಅವುಗಳಲ್ಲಿ ದುಡಿಯುವ ತಂದೆಯರನ್ನು ಕರೆಯಲು ಆ ಎರಡು ತಿಂಗಳೇ ಪ್ರಶಸ್ತ.

4. ಒಂದೇ ಪುಟದಲ್ಲಿ ಒಂದೇ ಬೇಡಿಕೆಯನ್ನಿಡಿ. ಕೊರತೆ ಯಾವುದು, ಎಂದಿನಿಂದ, ಎಷ್ಟು ಮಕ್ಕಳಿಗೆ ಬಾಧಕ, ಯಾರು ಸರಿಪಡಿಸಬೇಕು ಎಂಬ ನಾಲ್ಕಂಶಗಳು ಸಾಕು. ಮಗುವಿನ ಹೆಸರು ಬೇಡ. ಮೂರರಿಂದ ಆರು ವರ್ಷದವರ ಶಾಲಾಪೂರ್ವ ಶಿಕ್ಷಣವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 11ನೆಯ ಕಲಮು ಪ್ರಸ್ತಾಪಿಸಿದೆಯೆಂಬುದನ್ನೂ ಕಾಣಿಸಬಹುದು. ಮೊದಲು ಮೇಲ್ವಿಚಾರಕಿಯರಿಗೆ, ಬಳಿಕ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ, ಜೊತೆಗೆ ವಾರ್ಡಿನ ಸದಸ್ಯರಿಗೆ ಸಲ್ಲಿಸಿ, ನಿಮ್ಮ ಪ್ರತಿಯ ಮೇಲೆ ಸಹಿ, ತಾರೀಖು ಪಡೆಯಲು ಮರೆಯಕೂಡದು. ತಿಂಗಳಾದ ಮೇಲೆ ಅದೇ ಪ್ರತಿಯನ್ನು ಹಿಡಿದು, ಸೌಜನ್ಯದಿಂದ ಮತ್ತೆ ವಿಚಾರಿಸಿ.

5. ಮಾತನ್ನು ಹಂಚಿಕೊಡಿ. ಒಳಗೆ ಮಕ್ಕಳಲ್ಲಿ ಒಬ್ಬೊಬ್ಬರಿಗೂ ಸರದಿಯಂತೆ ಹಾಡು ಎತ್ತಿಕೊಡುವ, ಚಾಪೆ ಹಾಸುವ ಹೊಣೆಯನ್ನು ಕೊಡುವಂತೆಯೇ, ಹೊರಗೆ ಸಭೆಯಲ್ಲಿ ಆ ಬೇಡಿಕೆಯ ಮನವಿಯನ್ನು ಓದುವ ಕೆಲಸವನ್ನು ತಾಯಂದಿರಿಗೆ ಬಿಟ್ಟುಕೊಡಿ. ತಾಯಿಯು ಓದುಬಾರದವಳಾದರೆ ಎರಡು ನಿಮಿಷದ ಮಾತನ್ನು ಮನೆಯಲ್ಲಿ ನಾಲ್ಕು ಸಲ ಅವಳಿಂದ ಆಡಿಸಿ.

ಪೇಟೆಯಲ್ಲಿ ದರಕ್ಕಾಗಿ ಗಟ್ಟಿಯಾಗಿ ವಾದಿಸಬಲ್ಲ ಆ ತಾಯಿಯು ಕೂಸಿಗಾಗಿಯೂ ಅದೇ ದನಿಯಲ್ಲಿ ಸಭೆಯೆದುರು ನಿಂತು ಮಾತನಾಡುವ ದಿನ, ಪಕ್ಕದಲ್ಲಿ ಮೌನವಾಗಿ ಕುಳಿತಿರುವ ಅಕ್ಕೋರ ಅಭ್ಯಾಸವು ಫಲಿಸಿತೆಂದು ತಿಳಿಯತಕ್ಕದ್ದು.