ಮನೆಯ ಕಂಪ್ಯೂಟರಿನಲ್ಲಿ ಕರ್ನಲ್ ಕಂಪೈಲ್: ಎರಡು ಅವಧಿಗಳ ಒಂದು ಪಾಠ

“ಕರ್ನಲ್ ಎಂದರೇನು?” ಎಂಬ ಪ್ರಶ್ನೆಗೆ ಪ್ರಥಮ ಪಿಯುಸಿ ವಿದ್ಯಾರ್ಥಿಗಳು ಬರೆಯುವ ಉತ್ತರ ಬಹುಮಟ್ಟಿಗೆ ಒಂದೇ: “ಕರ್ನಲ್ ಆಪರೇಟಿಂಗ್ ಸಿಸ್ಟಂನ ಹೃದಯ.” ಈ ಉತ್ತರಕ್ಕೆ ಅಂಕವೂ ಸಿಗುತ್ತದೆ. ಆದರೆ ಆ ಹೃದಯದೊಳಗೆ ಏನಿದೆ, ಅದನ್ನು ಮಾಡಿದವರು ಯಾರು, ತೆಗೆದು ಬೇರೆಯದನ್ನು ಹಾಕಬಹುದೇ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಹೃದಯ ಎಂಬ ಹೋಲಿಕೆಯೇ ಇದಕ್ಕೆ ಅರ್ಧ ಕಾರಣ ಎಂದು ನನ್ನ ಅಭಿಪ್ರಾಯ. ಹೃದಯವನ್ನು ಯಾರೂ ಬಿಚ್ಚಿ ನೋಡುವುದಿಲ್ಲ, ತಮಗೆ ಬೇಕಾದಂತೆ ಆರಿಸಿಕೊಳ್ಳುವುದೂ ಇಲ್ಲ. ಲಿನಕ್ಸ್ ಕರ್ನಲನ್ನಾದರೋ ಮನೆಯ ಸಾಧಾರಣ ಕಂಪ್ಯೂಟರಿನಲ್ಲೇ ಬಿಚ್ಚಬಹುದು, ಬೇಕಾದ ಭಾಗಗಳನ್ನಷ್ಟೇ ಇಟ್ಟುಕೊಂಡು ಮತ್ತೆ ಕಟ್ಟಬಹುದು, ಹಾಗೆ ಕಟ್ಟಿದ ಕರ್ನಲ್‌ನಿಂದಲೇ ಯಂತ್ರವನ್ನು ಚಾಲೂ ಮಾಡಬಹುದು. ಅಭ್ಯಾಸ ಬೋಧನೆಯಲ್ಲಿ ಇದನ್ನು ಎರಡು ಅವಧಿಗಳ ಪಾಠವಾಗಿ ಯೋಜಿಸಿ ಬೋಧಿಸಿದ ವಿವರವನ್ನು ಇಲ್ಲಿ ಕೊಡುತ್ತಿದ್ದೇನೆ. ಕಂಪೈಲ್ ಮಾಡುವ ಕೆಲಸ ಯಂತ್ರದ್ದು. ಅದಕ್ಕೂ ಮೊದಲು ಏನು ಇರಬೇಕು, ಏನು ಬೇಡ ಎಂದು ನಿರ್ಧರಿಸುವ ಕೆಲಸ ಮನುಷ್ಯರದು. ಕಲಿಕೆ ನಡೆಯುವುದು ಅಲ್ಲಿಯೇ ಆದ್ದರಿಂದ ತರಗತಿಯ ಸಮಯದ ಬಹುಪಾಲನ್ನು ಆ ಹಂತಕ್ಕೇ ಇಟ್ಟೆ.

ಆದೇಶಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿಯೂ ಕಪ್ಪುಹಲಗೆಯ ಮೇಲೂ ಅವನ್ನು ಇಂಗ್ಲಿಷ್‌ನ ಸಣ್ಣಕ್ಷರಗಳಲ್ಲೇ ಬರೆಯಬೇಕಾಗುತ್ತದೆ.

ಪೂರ್ವಜ್ಞಾನ ಮತ್ತು ಪ್ರವೇಶ

ವಿದ್ಯಾರ್ಥಿಗಳಿಗೆ ಹಾರ್ಡ್‌ವೇರ್, ಸಾಫ್ಟ್‌ವೇರ್, ಕಂಪೈಲರ್ ಎಂಬ ಪದಗಳು ಗೊತ್ತಿದ್ದವು. ಲಿನಕ್ಸ್ ಹೆಸರನ್ನು ಕೇಳಿದ್ದವರು ಕೆಲವರೇ. ಆದ್ದರಿಂದ ಹಿಂದಿನ ದಿನವೇ ಒಂದು ಮನೆಗೆಲಸ ಕೊಟ್ಟಿದ್ದೆ: ಮನೆಯಲ್ಲಿರುವ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು, ‘ಕರ್ನಲ್ ವರ್ಶನ್’ ಎಂದಿರುವ ಕಡೆ ಕಾಣುವ ಸಂಖ್ಯೆಯನ್ನು ಬರೆದು ತರಬೇಕು. ಮರುದಿನ ಸಂಖ್ಯೆಗಳನ್ನೆಲ್ಲ ಹಲಗೆಯ ಮೇಲೆ ಬರೆದಾಗ 4ರಿಂದ ಆರಂಭವಾಗುವವೂ 5ರಿಂದ ಆರಂಭವಾಗುವವೂ ಬಂದವು. ಅವೆಲ್ಲವೂ ಲಿನಕ್ಸ್ ಕರ್ನಲ್‌ನ ಆವೃತ್ತಿಗಳೆಂದಾಗ ಮೊದಲ ಪ್ರಶ್ನೆ ವಿದ್ಯಾರ್ಥಿಗಳ ಕಡೆಯಿಂದಲೇ ಬಂತು: “ಮಿಸ್, ಹಾಗಾದ್ರೆ ಅಮ್ಮನ ಫೋನಲ್ಲಿರೋದೂ ಲಿನಕ್ಸಾ?”

ಇತಿಹಾಸಕ್ಕೆ ಐದು ನಿಮಿಷ ಸಾಕು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಪ್ಪತ್ತೊಂದು ವರ್ಷದ ಲೈನಸ್ ಟೊರ್ವಾಲ್ಡ್ಸ್ ತನ್ನ ಮನೆಯ ಪಿಸಿಗಾಗಿ ಬರೆಯಲು ತೊಡಗಿದ ಕರ್ನಲ್ ಇದು. ಮೊದಲ ಆವೃತ್ತಿ ಸುಮಾರು ಹತ್ತು ಸಾವಿರ ಸಾಲುಗಳದ್ದು, ಇಂದಿನದು ಮೂರು ಕೋಟಿ ಸಾಲುಗಳನ್ನು ದಾಟಿದೆ. ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರುಗಳ ಪಟ್ಟಿಯಲ್ಲಿ 2017ರ ನವೆಂಬರ್‌ನಿಂದ ಎಲ್ಲವೂ ಲಿನಕ್ಸ್‌ನಲ್ಲೇ ನಡೆಯುತ್ತಿವೆ. ಮನೆಯ ಕಂಪ್ಯೂಟರಿನಲ್ಲಿ ಹುಟ್ಟಿದ್ದನ್ನು ಮನೆಯ ಕಂಪ್ಯೂಟರಿನಲ್ಲೇ ಕಟ್ಟಿ ನೋಡುತ್ತೇವೆ ಎಂದು ಹೇಳಿ ಪಾಠಕ್ಕೆ ಬಂದೆ.

ಹೋಲಿಕೆಯ ಆಯ್ಕೆ

ಹೃದಯದ ಬದಲು ನಾನು ಬಳಸಿದ್ದು ರಸಾಯನಶಾಸ್ತ್ರ ಪ್ರಯೋಗಾಲಯದ ಅಟೆಂಡರ್ ಅವರ ಹೋಲಿಕೆ. ಪ್ರಯೋಗಾಲಯದಲ್ಲಿ ವಿದ್ಯಾರ್ಥಿ ತಾನೇ ಬೀರು ತೆರೆದು ಆಸಿಡ್ ತೆಗೆದುಕೊಳ್ಳುವಂತಿಲ್ಲ. ಅಟೆಂಡರ್‌ಗೆ ಚೀಟಿ ಕೊಡಬೇಕು. ಅವರು ಕೊಡಬಹುದು, ಕಾಯಿಸಬಹುದು, ಇಲ್ಲವೆನ್ನಬಹುದು. ಒಂದೇ ಬ್ಯೂರೆಟ್ಟನ್ನು ಇಬ್ಬರು ಹಿಡಿದೆಳೆಯದಂತೆ ನೋಡಿಕೊಳ್ಳುವವರೂ ಅವರೇ. ಬ್ರೌಸರ್, ಆಟ, ಟೈಪಿಂಗ್ ತಂತ್ರಾಂಶ ಇವೆಲ್ಲ ವಿದ್ಯಾರ್ಥಿಗಳು, ಮೆಮೊರಿ, ಡಿಸ್ಕ್, ಪರದೆ, ನೆಟ್‌ವರ್ಕ್ ಕಾರ್ಡ್ ಬೀರುವಿನೊಳಗಿನ ಸಾಮಾನು, ನಡುವೆ ನಿಂತವರು ಕರ್ನಲ್. ಚೀಟಿಗೆ ಪಠ್ಯದ ಹೆಸರು ‘ಸಿಸ್ಟಂ ಕಾಲ್’. ಈ ಹೋಲಿಕೆಯ ಲಾಭ ಮುಂದಿನ ಹಂತದಲ್ಲಿ ತಿಳಿಯುತ್ತದೆ. ಅಲ್ಲಿ ಕೇಳಬೇಕಾದ ಪ್ರಶ್ನೆಗಳೂ ಸಾಮಾನು ಎಲ್ಲಿಡಬೇಕು ಎಂಬಂಥವೇ.

ಸಾಮಗ್ರಿ

ಎರಡು ಕೋರ್‌ನ ಪ್ರೊಸೆಸರ್, 4 ಜಿಬಿ ಮೆಮೊರಿ, ಉಬುಂಟು ಹಾಕಿದ ಮನೆಯ ಡೆಸ್ಕ್‌ಟಾಪ್, ಒಂದು ಪ್ರೊಜೆಕ್ಟರ್. ಕಂಪೈಲರ್ ಮತ್ತಿತರ ಸಲಕರಣೆಗಳನ್ನು (ಬಿಲ್ಡ್-ಎಸೆನ್ಶಿಯಲ್, ಫ್ಲೆಕ್ಸ್, ಬೈಸನ್, ಎನ್‌ಕರ್ಸಸ್, ಓಪನ್‌ಎಸ್‌ಎಸ್‌ಎಲ್ ಹಾಗೂ ಎಲ್ಫ್ ಲೈಬ್ರರಿಗಳು) ಮೊದಲೇ ಹಾಕಿಟ್ಟುಕೊಳ್ಳಬೇಕು. ಕರ್ನಲ್‌ನ ಮೂಲ ಸಂಕೇತವನ್ನೂ ಹಿಂದಿನ ದಿನವೇ ಇಳಿಸಿಕೊಳ್ಳಬೇಕು. ನಾನು ಆರಿಸಿದ್ದು 2023ರ ಅಕ್ಟೋಬರ್‌ನಲ್ಲಿ ಬಂದ, ದೀರ್ಘಕಾಲ ಬೆಂಬಲವಿರುವ 6.6 ಸರಣಿ. ಒತ್ತಿಕಟ್ಟಿದ ಕಡತ ಸುಮಾರು 140 ಎಂಬಿ, ಬಿಚ್ಚಿದರೆ ಒಂದು ಜಿಬಿಯನ್ನು ಮೀರುತ್ತದೆ. ತರಗತಿಯ ಸಮಯದಲ್ಲಿ ಶಾಲೆಯ ಇಂಟರ್ನೆಟ್ಟನ್ನು ನಂಬಿ ಕೂರುವುದು ಬೇಡ.

ಮೊದಲ ಅವಧಿ: ಆಯ್ಕೆ

ಮೊದಲು ಯಂತ್ರದ ಪರಿಚಯ. ‘ಎಲ್ಎಸ್‌ಸಿಪಿಯು’ ಪ್ರೊಸೆಸರಿನ ವಿವರ ಕೊಡುತ್ತದೆ, ‘ಎಲ್ಎಸ್‌ಪಿಸಿಐ’ ಒಳಗಿನ ಸಾಧನಗಳನ್ನು ಪಟ್ಟಿಮಾಡುತ್ತದೆ, ‘ಎಲ್ಎಸ್‌ಮಾಡ್’ ಸದ್ಯ ಮೆಮೊರಿಯಲ್ಲಿರುವ ಕರ್ನಲ್ ಮಾಡ್ಯೂಲ್‌ಗಳನ್ನು ತೋರಿಸುತ್ತದೆ. ವಿದ್ಯಾರ್ಥಿಗಳು ಮಾಡ್ಯೂಲ್‌ಗಳನ್ನು ಎಣಿಸಿದರು. ನೂರರ ಆಸುಪಾಸು. ಆದರೆ ಉಬುಂಟುವಿನ ಜೊತೆ ಬಂದು ಡಿಸ್ಕಿನಲ್ಲಿ ಕುಳಿತಿರುವ ಮಾಡ್ಯೂಲ್‌ಗಳು ಸಾವಿರಾರು. ಇಷ್ಟು ವ್ಯತ್ಯಾಸ ಏಕೆ ಎಂದು ಕೇಳಿ ಎರಡು ನಿಮಿಷ ಬಿಟ್ಟೆ. “ಅವರಿಗೆ ನಮ್ಮ ಕಂಪ್ಯೂಟರ್ ಯಾವುದು ಅಂತ ಗೊತ್ತಿಲ್ವಲ್ಲ, ಅದಕ್ಕೆ ಎಲ್ಲಾ ಕೊಟ್ಟಿದ್ದಾರೆ” ಎಂಬ ಉತ್ತರ ಹಿಂದಿನ ಬೆಂಚಿನಿಂದ ಬಂತು. ಎಲ್ಲ ಶಾಲೆಗೂ ಒಂದೇ ವಿಜ್ಞಾನ ಕಿಟ್ ಬರುವಂತೆ ಎಂದು ಇನ್ನೊಬ್ಬ ವಿದ್ಯಾರ್ಥಿನಿ ಸೇರಿಸಿದಳು. ನಾನು ಹೇಳಬೇಕೆಂದು ಬರೆದುಕೊಂಡಿದ್ದ ವಿವರಣೆಗಿಂತ ಇದು ಚೆನ್ನಾಗಿತ್ತು.

ಈಗ ಉಬುಂಟುವಿನದೇ ಸಂರಚನಾ ಕಡತವನ್ನು ಬೂಟ್ ಫೋಲ್ಡರಿನಿಂದ ಮೂಲ ಸಂಕೇತದ ಫೋಲ್ಡರಿಗೆ ‘ಡಾಟ್ ಕಾನ್ಫಿಗ್’ ಎಂಬ ಹೆಸರಿನಲ್ಲಿ ನಕಲು ಮಾಡಿ, ‘ಮೇಕ್ ಮೆನುಕಾನ್ಫಿಗ್’ ಕೊಟ್ಟರೆ ನೀಲಿ ಪರದೆಯ ಮೇಲೆ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ಬಹುಪಾಲು ಸಾಧನಗಳ ಮುಂದೆ ಮೂರು ಉತ್ತರಗಳಿಗೆ ಅವಕಾಶ: ವೈ, ಎಂ, ಎನ್. ವೈ ಎಂದರೆ ಕರ್ನಲ್‌ನೊಳಗೇ ಸೇರಿಸು, ಮೇಜಿನ ಮೇಲೆ ಸದಾ ಇರುವ ಬುನ್ಸೆನ್ ದೀಪದಂತೆ. ಎಂ ಎಂದರೆ ಮಾಡ್ಯೂಲ್ ಆಗಿ ಬೀರುವಿನಲ್ಲಿಡು, ಬೇಕಾದಾಗ ತರೋಣ. ಎನ್ ಎಂದರೆ ಇಂಡೆಂಟಿಗೇ ಹಾಕಬೇಡ. ನಾಲ್ಕು ನಾಲ್ಕು ಮಂದಿಯ ಗುಂಪುಗಳಿಗೆ ಸಾಧನಗಳ ಹೆಸರಿನ ಚೀಟಿ ಕೊಟ್ಟು, ಉತ್ತರದ ಜೊತೆ ಕಾರಣವನ್ನೂ ಹೇಳಲು ತಿಳಿಸಿದೆ. ಫ್ಲಾಪಿ ಡ್ರೈವ್ ಎಂದರೆ ಏನೆಂದೇ ಒಂದು ಗುಂಪಿಗೆ ಗೊತ್ತಿರಲಿಲ್ಲ. ಪ್ರಶ್ನಾರ್ಥಕ ಚಿಹ್ನೆಯ ಕೀಲಿ ಒತ್ತಿದರೆ ಸಹಾಯಪಠ್ಯ ಬರುತ್ತದೆ, ಓದಿಸಿದೆ. ನೆಟ್‌ವರ್ಕ್ ವಿಭಾಗದಲ್ಲಿ ‘ಅಮೆಚೂರ್ ರೇಡಿಯೊ’ ಎಂಬುದನ್ನು ಕಂಡು ಹ್ಯಾಮ್ ರೇಡಿಯೊ ಕುರಿತು ಮಾತು ಸ್ವಲ್ಪ ದೂರ ಹೋಯಿತು. ಅದನ್ನು ನಾನು ತಡೆಯಲಿಲ್ಲ. ನಮ್ಮ ಯಂತ್ರಕ್ಕೆ ಎನ್, ಆದರೆ ಯಾರದೋ ಯಂತ್ರಕ್ಕೆ ವೈ ಎಂಬುದು ಆ ಹರಟೆಯಲ್ಲೇ ಸ್ಪಷ್ಟವಾಯಿತು.

ಕಠಿಣ ಪ್ರಶ್ನೆ ಡಿಸ್ಕ್ ನಿಯಂತ್ರಕದ ಚೀಟಿಯದು. ಎಎಚ್‌ಸಿಐ ಎಂಬ ಈ ಡ್ರೈವರ್‌ಗೆ ಒಂದು ಗುಂಪು ಎಂ ಎಂದಿತು. ಮಾಡ್ಯೂಲ್ ಎಲ್ಲಿರುತ್ತದೆ? ಡಿಸ್ಕಿನಲ್ಲಿ. ಡಿಸ್ಕನ್ನು ಓದಲು ಏನು ಬೇಕು? ಆ ಮಾಡ್ಯೂಲ್. ಬೀರುವಿನ ಬೀಗದ ಕೈ ಬೀರುವಿನೊಳಗೇ ಇದ್ದಂತಾಯಿತು! ತರಗತಿ ಇಲ್ಲಿ ನಿಜವಾಗಿಯೂ ತಲೆ ಕೆಡಿಸಿಕೊಂಡಿತು. ಹಾಗಾದರೆ ವೈ ಎನ್ನಬೇಕು ಎಂಬ ಪರಿಹಾರಕ್ಕೆ ತಾವೇ ಬಂದರು. ಇನ್ನೊಂದು ಪರಿಹಾರವನ್ನು ನಾನು ಹೇಳಬೇಕಾಯಿತು: ಅತ್ಯಗತ್ಯ ಮಾಡ್ಯೂಲ್‌ಗಳನ್ನು ತುಂಬಿದ ಪುಟ್ಟ ಕೈಚೀಲವೊಂದನ್ನು ಬೂಟ್‌ಲೋಡರ್ ಕರ್ನಲ್ ಜೊತೆಗೇ ಮೆಮೊರಿಗೆ ತಂದಿಡುತ್ತದೆ. ಅದರ ಹೆಸರು ಇನಿಟ್‌ರಾಮ್‌ಎಫ್‌ಎಸ್. ಉಬುಂಟುವಿನಲ್ಲಿ ಎಂ ಎಂದಿದ್ದರೂ ಯಂತ್ರ ಚಾಲೂ ಆಗುವುದು ಇದರ ಬಲದಿಂದ.

ಸಾವಿರಾರು ಆಯ್ಕೆಗಳನ್ನು ಕೈಯಿಂದ ಮಾಡಲಾಗದು. ಅದಕ್ಕೆ ‘ಮೇಕ್ ಲೋಕಲ್‌ಮಾಡ್‌ಕಾನ್ಫಿಗ್’ ಇದೆ. ಅದು ಆ ಕ್ಷಣದಲ್ಲಿ ಮೆಮೊರಿಯಲ್ಲಿರುವ ಮಾಡ್ಯೂಲ್‌ಗಳನ್ನು ಮಾತ್ರ ಉಳಿಸಿ ಉಳಿದವನ್ನು ಕೈಬಿಡುತ್ತದೆ. ಹಾಜರಿ ಕೂಗಿದಾಗ ಇದ್ದವರ ಹೆಸರು ಮಾತ್ರ ಉಳಿಯುವ, ಗೈರುಹಾಜರಾದವರ ದಾಖಲಾತಿಯೇ ರದ್ದಾಗುವ ಶಾಲೆ ಎಂದೆ. “ಹಾಗಾದ್ರೆ ಪೆನ್ ಡ್ರೈವ್ ಹಾಕಿಲ್ದೆ ಇದ್ರೆ?” ಎಂಬ ಪ್ರಶ್ನೆ ತಾನಾಗಿ ಬಂತು. ಪೆನ್ ಡ್ರೈವ್, ಪ್ರಿಂಟರ್, ವೈಫೈ ಡಾಂಗಲ್, ವೆಬ್‌ಕ್ಯಾಮ್ ಎಲ್ಲವನ್ನೂ ಸಿಕ್ಕಿಸಿ, ಒಮ್ಮೆ ಬಳಸಿ, ಆಮೇಲೆಯೇ ಈ ಆದೇಶ ಕೊಡಬೇಕೆಂದು ಗುಂಪುಗಳೇ ಪಟ್ಟಿ ಮಾಡಿದವು.

ರಾತ್ರಿಯ ಕೆಲಸ

ಕಂಪೈಲ್ ಯಾವ ಅವಧಿಗೂ ಹಿಡಿಸುವುದಿಲ್ಲ. ತರಗತಿಯಲ್ಲಿ ಮೂರು ನಿಮಿಷ ಸಾಲುಗಳು ಓಡುವುದನ್ನು ತೋರಿಸಿ ನಿಲ್ಲಿಸಿ, ಉಳಿದದ್ದನ್ನು ಮನೆಯಲ್ಲಿ ರಾತ್ರಿ ಮಾಡಿದೆ. ಇದನ್ನು ಮಾಡುವ ಶಿಕ್ಷಣಾರ್ಥಿಗಳು ಕೆಲವು ವಿಷಯ ಗಮನಿಸಬೇಕು. ಉಬುಂಟುವಿನ ಸಂರಚನೆಯಲ್ಲಿ ‘ಸಿಸ್ಟಂ ಟ್ರಸ್ಟೆಡ್ ಕೀಸ್’ ಮತ್ತು ‘ಸಿಸ್ಟಂ ರಿವೊಕೇಶನ್ ಕೀಸ್’ ಎಂಬೆಡೆ ನಮ್ಮಲ್ಲಿಲ್ಲದ ಕಡತಗಳ ಹೆಸರಿರುತ್ತದೆ. ಅವನ್ನು ಖಾಲಿ ಮಾಡದಿದ್ದರೆ ಕಂಪೈಲ್ ನಡುವೆ ನಿಂತುಬಿಡುತ್ತದೆ. ‘ಕರ್ನಲ್ ಹ್ಯಾಕಿಂಗ್’ ವಿಭಾಗದಲ್ಲಿ ಡೀಬಗ್ ಮಾಹಿತಿಯನ್ನು ತೆಗೆದುಹಾಕಿದರೆ ಡಿಸ್ಕಿನಲ್ಲಿ ಹಲವಾರು ಜಿಬಿ ಉಳಿಯುತ್ತದೆ. ‘ಜನರಲ್ ಸೆಟಪ್’ನಲ್ಲಿ ಲೋಕಲ್ ವರ್ಶನ್ ಎಂಬಲ್ಲಿ ಒಂದು ಗುರುತು ಹಾಕಿಕೊಳ್ಳಿ. ನಾನು ‘ಮನೆ’ ಎಂದು ಹಾಕಿದೆ. ಆಮೇಲೆ ‘ಮೇಕ್’ ಆದೇಶಕ್ಕೆ ಕೋರ್‌ಗಳ ಸಂಖ್ಯೆಯನ್ನು ಸೇರಿಸಿ ಕೊಟ್ಟರೆ ಎರಡೂ ಕೋರ್‌ಗಳು ಕೆಲಸಕ್ಕಿಳಿಯುತ್ತವೆ. ಉಬುಂಟುವಿನ ಪೂರ್ಣ ಸಂರಚನೆಯಾದರೆ ಇಂಥ ಹಳೆಯ ಯಂತ್ರಕ್ಕೆ ಹಲವು ಗಂಟೆ ಬೇಕು, ಹಾಜರಿ ಕೂಗಿ ಇಳಿಸಿದ್ದಕ್ಕೆ ಅದರ ಸಣ್ಣ ಪಾಲು. ಕೊನೆಯಲ್ಲಿ ‘ಬಿಜೆಡ್‌ಇಮೇಜ್’ ಸಿದ್ಧವಾಗಿದೆ ಎಂಬ ಸಾಲು ಬರುತ್ತದೆ. ಬಳಿಕ ಮಾಡ್ಯೂಲ್‌ಗಳನ್ನೂ ಕರ್ನಲನ್ನೂ ಸ್ಥಾಪಿಸುವ ಎರಡು ಆದೇಶಗಳು. ಕೈಚೀಲ ಕಟ್ಟುವುದು ಮತ್ತು ಗ್ರಬ್ ಪಟ್ಟಿಗೆ ಹೆಸರು ಸೇರಿಸುವುದು ಉಬುಂಟುವಿನಲ್ಲಿ ಅವುಗಳೊಂದಿಗೇ ಆಗುತ್ತದೆ.

ಸೆಕ್ಯೂರ್ ಬೂಟ್ ಚಾಲೂ ಇರುವ ಯಂತ್ರ ನಾವೇ ಕಟ್ಟಿದ, ಸಹಿಯಿಲ್ಲದ ಕರ್ನಲನ್ನು ಒಪ್ಪುವುದಿಲ್ಲ. ಇದನ್ನು ಮೊದಲೇ ನೋಡಿಕೊಳ್ಳಿ.

ಎರಡನೆಯ ಅವಧಿ: ಕೆಡಿಸಿ ನೋಡುವುದು

ಪಾಠ ಯೋಜನೆಯನ್ನು ತೋರಿಸಿದಾಗ ಮಾರ್ಗದರ್ಶಕ ಉಪನ್ಯಾಸಕರು ಕೇಳಿದ ಪ್ರಶ್ನೆ ನ್ಯಾಯವಾದದ್ದೇ: “ಮಕ್ಕಳು ಮನೆಗೆ ಹೋಗಿ ಇದನ್ನೇ ಮಾಡಿ, ಅಪ್ಪನ ಅಂಗಡಿ ಲೆಕ್ಕವೆಲ್ಲ ಹೋದರೆ ಯಾರು ಹೊಣೆ?” ಮನೆಯ ಕಂಪ್ಯೂಟರ್ ಒಬ್ಬರದಲ್ಲ. ಈ ಆತಂಕಕ್ಕೆ ಬಾಯಿಮಾತಿನ ಉತ್ತರಕ್ಕಿಂತ ತೋರಿಸುವ ಉತ್ತರ ಬೇಕೆನ್ನಿಸಿ ಎರಡನೆಯ ಅವಧಿಯ ಅರ್ಧವನ್ನು ಅದಕ್ಕೇ ಕೊಟ್ಟೆ.

ವರ್ಚುವಲ್‌ಬಾಕ್ಸ್‌ನೊಳಗೆ ಇನ್ನೊಂದು ಉಬುಂಟು ಹಾಕಿ, ಅಲ್ಲಿ ಡಿಸ್ಕ್ ನಿಯಂತ್ರಕದ ಡ್ರೈವರ್‌ಗೆ ಬೇಕೆಂದೇ ಎನ್ ಕೊಟ್ಟು ಕಟ್ಟಿದ ಕರ್ನಲ್ ಸಿದ್ಧವಾಗಿತ್ತು. ಏನಾಗಬಹುದೆಂದು ಪ್ರತಿಯೊಬ್ಬರೂ ಪುಸ್ತಕದಲ್ಲಿ ಬರೆದ ಮೇಲೆ ಚಾಲೂ ಮಾಡಿದೆ. ಕೆಲ ಹೊತ್ತು ಕಾದು, ಡಿಸ್ಕ್ ಸಿಗಲಿಲ್ಲವೆಂದು ತಿಳಿಸಿ, ಇನಿಟ್‌ರಾಮ್‌ಎಫ್‌ಎಸ್ ಎಂಬ ಕಪ್ಪು ಪರದೆಗೆ ಬಂದು ನಿಂತಿತು. “ಹಾಳಾಯ್ತು” ಎಂದರು. ಮತ್ತೆ ಚಾಲೂ ಮಾಡಿ, ಗ್ರಬ್‌ನ ‘ಅಡ್ವಾನ್ಸ್‌ಡ್ ಆಪ್ಶನ್ಸ್’ನಲ್ಲಿ ಹಳೆಯ ಕರ್ನಲ್ ಆರಿಸಿದೆ. ಎಲ್ಲ ಕಡತಗಳೂ ಇದ್ದಲ್ಲೇ ಇದ್ದವು. ಹೊಸ ಕರ್ನಲ್ ಬೇರೆ ಹೆಸರಿನಲ್ಲಿ ಹಳೆಯದರ ಪಕ್ಕದಲ್ಲಿ ಕೂರುತ್ತದೆ, ಹಳೆಯದನ್ನು ಅಳಿಸುವುದಿಲ್ಲ. ಲೋಕಲ್ ವರ್ಶನ್‌ನಲ್ಲಿ ಗುರುತು ಹಾಕಿದ್ದು ಇದಕ್ಕಾಗಿಯೇ ಎಂದಾಗ ಹಿಂದಿನ ದಿನದ ಆ ಸಣ್ಣ ಹೆಜ್ಜೆಗೆ ಅರ್ಥ ಬಂತು. ಹಲಗೆಯ ಮೇಲೆ ಎರಡೇ ನಿಯಮ ಬರೆದೆ: ನಡೆಯುತ್ತಿರುವ ಹಳೆಯ ಕರ್ನಲನ್ನು ತೆಗೆಯಬಾರದು, ಕಡತಗಳ ಪ್ರತಿ ಬೇರೆ ಕಡೆ ಇರದೆ ಆರಂಭಿಸಬಾರದು. ವಿದ್ಯಾರ್ಥಿಗಳು ಸ್ವತಃ ಮಾಡುವುದಾದರೆ ವರ್ಚುವಲ್ ಯಂತ್ರದಲ್ಲೇ ಮಾಡಲಿ, ಶಿಕ್ಷಕರು ಮಾತ್ರ ಒಮ್ಮೆಯಾದರೂ ನಿಜವಾದ ಯಂತ್ರದಲ್ಲಿ ಮಾಡಿರಲಿ ಎಂಬುದು ನನ್ನ ನಿಲುವು.

ನಂತರ ಮನೆಯ ಡೆಸ್ಕ್‌ಟಾಪ್. ಹಳೆಯ ಕರ್ನಲ್‌ನಲ್ಲಿ ಪ್ರಾಕ್ ಫೋಲ್ಡರಿನ ‘ವರ್ಶನ್’ ಎಂಬ ಕಡತವನ್ನು ತೋರಿಸಿದೆ. ಅದರಲ್ಲಿ ಉಬುಂಟು ಕರ್ನಲ್ ಕಟ್ಟಿದ ಯಂತ್ರದ ಹೆಸರಿತ್ತು. ಹೊಸ ಕರ್ನಲ್‌ನಿಂದ ಚಾಲೂ ಮಾಡಿ ಅದೇ ಕಡತ ತೆರೆದಾಗ ನನ್ನ ಬಳಕೆದಾರ ಹೆಸರು, ನಮ್ಮ ಕಂಪ್ಯೂಟರಿನ ಹೆಸರು, ರಾತ್ರಿಯ ದಿನಾಂಕ ಮತ್ತು ವೇಳೆ, ಕಟ್ಟಿದ ಕ್ರಮಸಂಖ್ಯೆ ಒಂದು. ಯಾರು ಮಾಡಿದರು ಎಂಬ ಪ್ರಶ್ನೆಗೆ ಉತ್ತರ ಯಂತ್ರದಲ್ಲೇ ಬರೆದಿತ್ತು. ‘ಎಲ್ಎಸ್‌ಮಾಡ್’ ಮತ್ತೆ ಎಣಿಸಿದರೆ ಸಂಖ್ಯೆ ಹೆಚ್ಚೇನೂ ಬದಲಾಗಿರಲಿಲ್ಲ. ಇಳಿದದ್ದು ಡಿಸ್ಕಿನಲ್ಲಿದ್ದ ಮಾಡ್ಯೂಲ್‌ಗಳ ರಾಶಿ. ಕಂಪ್ಯೂಟರ್ ವೇಗವಾಯಿತೇ ಎಂದು ಕೇಳಿದರು. ಬಳಸುವಾಗ ಗೊತ್ತಾಗುವಷ್ಟು ಅಲ್ಲ ಎಂದೇ ಹೇಳಬೇಕು. ವೇಗದ ಆಸೆ ತೋರಿಸಿ ಈ ಪಾಠ ಮಾಡಬಾರದು.

ಮೌಲ್ಯಮಾಪನ

ವ್ಯಾಖ್ಯೆ ಕೇಳಲಿಲ್ಲ. ಸಂದರ್ಭ ಕೊಟ್ಟೆ: ಹೊಸ ಕರ್ನಲ್‌ನಲ್ಲಿ ಎಲ್ಲವೂ ಸರಿ, ಆದರೆ ಪ್ರಿಂಟರ್ ಕೆಲಸ ಮಾಡುತ್ತಿಲ್ಲ, ಹಳೆಯದರಲ್ಲಿ ಮಾಡುತ್ತದೆ. ಕಾರಣವೇನಿರಬಹುದು, ಮೊದಲು ಏನು ನೋಡುತ್ತೀರಿ? ಹೆಚ್ಚಿನವರು ಹಾಜರಿಯ ಮಾತಿಗೆ ನೇರವಾಗಿ ಬಂದರು. ಕೆಲವರು ಪ್ರಿಂಟರನ್ನೇ ದುರಸ್ತಿಗೆ ಕಳಿಸಿದರು. ಅವರಿಗೆ ‘ಹಳೆಯದರಲ್ಲಿ ಮಾಡುತ್ತದೆ’ ಎಂಬ ಸಾಲನ್ನು ಮತ್ತೆ ಓದಿಸಿದರೆ ಸಾಕಾಯಿತು.

ಫೋನಿನ ಕರ್ನಲನ್ನೂ ಹೀಗೆ ಕಟ್ಟಬಹುದೇ ಎಂಬ ಪ್ರಶ್ನೆ ಖಂಡಿತ ಬರುತ್ತದೆ, ಉತ್ತರ ಸಿದ್ಧವಿರಲಿ. ಲಿನಕ್ಸ್ ಕರ್ನಲ್ ಜಿಪಿಎಲ್ ಎರಡನೆಯ ಆವೃತ್ತಿಯ ಪರವಾನಗಿಯಲ್ಲಿರುವುದರಿಂದ, ಫೋನ್ ಮಾರುವ ಕಂಪನಿ ತಾನು ಹಾಕಿಕೊಟ್ಟ ಕರ್ನಲ್‌ನ ಮೂಲ ಸಂಕೇತವನ್ನು ಕೊಡಬೇಕಾಗುತ್ತದೆ. ಆದರೆ ಬೂಟ್‌ಲೋಡರ್‌ಗೆ ಸಾಮಾನ್ಯವಾಗಿ ಬೀಗ ಹಾಕಿರುತ್ತದೆ. ಅದನ್ನು ತೆರೆದರೆ ಸಾಮಾನ್ಯವಾಗಿ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಅಮ್ಮನ ಫೋನಿನಲ್ಲಿ ಇದನ್ನು ಮಾಡಕೂಡದು ಎಂಬುದನ್ನು ಹಲಗೆಯ ಮೇಲಿನ ಮೂರನೆಯ ನಿಯಮವಾಗಿ ವಿದ್ಯಾರ್ಥಿಗಳಿಂದಲೇ ಬರೆಸಿದೆ.