ವಸತಿಯೂ ಒಂದು ಚಿಕಿತ್ಸೆಯೇ?

ಔಷಧವು ದೇಹವನ್ನು ಸೇರಿದ ಮೇಲೆ ಏನು ಮಾಡುವುದೆಂಬುದನ್ನು ವಿಜ್ಞಾನಿಗಳು ಬಹು ಸೂಕ್ಷ್ಮವಾಗಿ ಅರಿತಿರುವರು. ಆದರೆ ಅದು ದಿನವೂ ತಪ್ಪದೆ ದೇಹವನ್ನು ಸೇರುವುದಾದರೂ ಹೇಗೆ? ಗುಳಿಗೆಗಳನ್ನಿಡಲು ಒಂದು ಗೂಡು, ನುಂಗಲು ಶುದ್ಧವಾದ ನೀರು, ಹೊತ್ತಿಗೆ ಊಟ, ರಾತ್ರಿ ನಿರ್ಭಯವಾದ ನಿದ್ರೆ ಇವು ಮನೆಯುಳ್ಳವರ ಗಮನಕ್ಕೇ ಬಾರದ ಸಂಗತಿಗಳು. ಬೀದಿಯಲ್ಲಿ ಮಲಗುವವನಿಗೆ ಇವುಗಳಲ್ಲಿ ಒಂದೂ ಖಂಡಿತವಲ್ಲ. ಎಚ್.ಐ.ವಿ. ಸೋಂಕು ತಗುಲಿದ ನಿರ್ಗತಿಕರಿಗೆ ಇದು ಜೀವನ್ಮರಣದ ಪ್ರಶ್ನೆ. ಅದು ಹೇಗೆಂಬುದನ್ನು ಇಲ್ಲಿ ವಿಚಾರಿಸೋಣ.

ವೈರಸ್ಸಿನ ಸ್ವಭಾವ

1983ರಲ್ಲಿ ಪ್ಯಾರಿಸ್ಸಿನ ಪಾಸ್ತರ್ ಸಂಸ್ಥೆಯಲ್ಲಿ ಪತ್ತೆಯಾದ ಈ ವೈರಸ್ಸು ರಕ್ತದ ಸಿ.ಡಿ.4 ಎಂಬ ಬಿಳಿಯ ಕಣಗಳನ್ನು ಹೊಕ್ಕು ನಾಶಮಾಡುವುದು. ಆರೋಗ್ಯವಂತನ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇಂತಹ ಕಣಗಳು ಸಾಮಾನ್ಯವಾಗಿ 500ಕ್ಕಿಂತ ಹೆಚ್ಚಾಗಿರುತ್ತವೆ. ಅವು 200ಕ್ಕಿಂತ ಕೆಳಗಿಳಿದರೆ ಕ್ಷಯವೇ ಮೊದಲಾದ ರೋಗಗಳಿಗೆ ದೇಹವು ಸುಲಭವಾಗಿ ತುತ್ತಾಗುವುದು. ಈ ಅವಸ್ಥೆಯೇ ಏಡ್ಸ್.

ಚಿಕಿತ್ಸೆಯಿಲ್ಲದ ದೇಹದಲ್ಲಿ ದಿನವೊಂದಕ್ಕೆ ಸುಮಾರು ಸಾವಿರ ಕೋಟಿ ಹೊಸ ವೈರಸ್ ಕಣಗಳು ಹುಟ್ಟುತ್ತವೆ. ಪ್ರತಿ ಹುಟ್ಟಿನಲ್ಲಿಯೂ ತಪ್ಪುಗಳು ನುಸುಳುವುದರಿಂದ ಔಷಧಕ್ಕೆ ಜಗ್ಗದ ತಳಿಗಳು ಮೂಡುವ ಸಂಭವವುಂಟು. 1996ರಿಂದೀಚೆಗೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವ ಪದ್ಧತಿ ಬಂದುದು ಈ ಕಾರಣದಿಂದಲೇ. ಔಷಧವು ರಕ್ತದಲ್ಲಿ ಸದಾ ಸಾಕಷ್ಟಿದ್ದರೆ ವೈರಸ್ಸು ತಲೆಯೆತ್ತದು. ಅದು ಪರೀಕ್ಷೆಗೂ ಸಿಕ್ಕದಷ್ಟು ಕಡಮೆಯಾಗಿ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ. ಗುಳಿಗೆಗಳು ಪದೇ ಪದೇ ತಪ್ಪಿದರೆ ಮಾತ್ರ ವೈರಸ್ಸು ಮತ್ತೆ ಹೆಚ್ಚುವುದು. ಪ್ರತಿರೋಧವುಳ್ಳ ತಳಿಗಳಿಗೆ ದಾರಿ ತೆರೆಯುವುದು.

ಬೀದಿಯಲ್ಲಿ ಬದುಕುವವನ ಚೀಲ ಕಳವಾದರೆ ತಿಂಗಳ ಔಷಧವೇ ಹೋದಂತೆ. ಇರುವ ಸ್ಥಳ ನಿಶ್ಚಿತವಿಲ್ಲದವನನ್ನು ದಾದಿಯು ಎಲ್ಲಿ ಹುಡುಕಬೇಕು? ಹತ್ತು ಜನರ ನಡುವೆ ಗುಳಿಗೆ ನುಂಗಿದರೆ ರೋಗದ ಗುಟ್ಟು ಬಯಲಾಗುವುದೆಂಬ ಅಂಜಿಕೆ ಬೇರೆ. ಆದುದರಿಂದ ಔಷಧವನ್ನು ತಪ್ಪಿಸಿದವನನ್ನು ಅಲಕ್ಷ್ಯಗಾರನೆಂದು ಹಳಿಯುವ ಮೊದಲು ಅವನ ಇರವನ್ನು ಅರಿಯಬೇಕು.

ಪ್ರಯೋಗಗಳು ಏನು ಹೇಳುತ್ತವೆ?

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಏಡ್ಸ್ ಪೀಡಿತರ ವಸತಿಗಾಗಿಯೇ 1990ರಲ್ಲಿ ಒಂದು ಕಾಯಿದೆಯಾಯಿತು. ಅಲ್ಲಿ ಬೆಳೆದ ‘ಆಸರೆಯ ವಸತಿ’ಯ ಕ್ರಮದಲ್ಲಿ ರೋಗಿಗೆ ಸ್ಥಿರವಾದ ಕೊಠಡಿ ದೊರೆಯುವುದು, ಬಾಡಿಗೆಯ ಹೆಚ್ಚಿನ ಭಾಗವನ್ನು ಯೋಜನೆಯೇ ಭರಿಸುವುದು. ಜೊತೆಗೆ ಒಬ್ಬ ಕಾರ್ಯಕರ್ತನು ವೈದ್ಯರ ಭೇಟಿ, ಪಿಂಚಣಿ, ಮಾನಸಿಕ ಚಿಕಿತ್ಸೆ ಇವುಗಳಿಗೆ ನೆರವಾಗುವನು.

ಇದರಿಂದ ಆರೋಗ್ಯವು ನಿಜವಾಗಿ ಸುಧಾರಿಸುವುದೇ? ಶಿಕಾಗೋ ನಗರದಲ್ಲಿ ಆಸ್ಪತ್ರೆ ಸೇರಿದ್ದ, ಎಚ್.ಐ.ವಿ. ಇದ್ದ 105 ಮಂದಿ ನಿರ್ವಸತಿಗರನ್ನು ಚೀಟಿಯೆತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ವಸತಿಯನ್ನೂ ಕಾರ್ಯಕರ್ತರ ನೆರವನ್ನೂ ಕೊಟ್ಟರು. ಇನ್ನೊಂದಕ್ಕೆ ವಾಡಿಕೆಯ ಸೌಲಭ್ಯಗಳು ಮಾತ್ರ. 2009ರಲ್ಲಿ ಪ್ರಕಟವಾದ ಫಲಿತಾಂಶ ಇದು: ಒಂದು ವರ್ಷದ ತರುವಾಯ ಬದುಕಿದ್ದು ರೋಗನಿರೋಧಕ ಶಕ್ತಿಯನ್ನೂ ಉಳಿಸಿಕೊಂಡಿದ್ದವರು ಮೊದಲ ಗುಂಪಿನಲ್ಲಿ ಶೇಕಡ 55, ಎರಡನೆಯದರಲ್ಲಿ ಶೇಕಡ 34. ಎರಡು ಗುಂಪುಗಳಿಗೂ ಇದ್ದ ಮುಖ್ಯ ಭೇದವು ಸೂರು ಮತ್ತು ಆಸರೆ ಎಂಬುದನ್ನು ವಾಚಕರು ಗಮನಿಸಬೇಕು.

ಇನ್ನೊಂದು ಪ್ರಯೋಗದ ಉತ್ತರ ಇಷ್ಟು ಸರಳವಲ್ಲ. ಬಾಲ್ಟಿಮೋರ್, ಶಿಕಾಗೋ, ಲಾಸ್ ಏಂಜಲೀಸ್ ನಗರಗಳ 630 ಮಂದಿಯಲ್ಲಿ ಒಂದು ಗುಂಪಿಗೆ ಬಾಡಿಗೆಯ ನೆರವು ಕೊಟ್ಟರು. 18 ತಿಂಗಳ ಕೊನೆಗೆ ಆ ಗುಂಪಿನ ಶೇಕಡ 82 ಮಂದಿಗೆ ಸ್ವಂತ ವಸತಿಯಿದ್ದಿತು. ಆದರೆ ನೆರವಿಲ್ಲದ ಗುಂಪಿನಲ್ಲಿಯೂ ಶೇಕಡ 51 ಮಂದಿ ಹೇಗೋ ವಸತಿ ಹುಡುಕಿಕೊಂಡಿದ್ದರು. ಹೀಗೆ ಎರಡೂ ಗುಂಪುಗಳು ಬೆರೆತಂತಾಗಿ ಅವುಗಳ ಆರೋಗ್ಯದ ಅಂತರವು ಮಸುಕಾಯಿತು. ಆದರೆ ಆ ಅವಧಿಯಲ್ಲಿ ಮನೆಯಿಲ್ಲದೆ ಅಲೆದವರನ್ನು ಬೇರೆಯಾಗಿ ಲೆಕ್ಕಹಾಕಿದಾಗ ಅವರ ರಕ್ತದಲ್ಲಿ ವೈರಸ್ಸು ಕಾಣಿಸಿಕೊಳ್ಳುವ ಸಂಭವ ಹೆಚ್ಚೆಂದು ತಿಳಿದುಬಂದಿತು.

ನಮ್ಮ ಸಂಗತಿ

ನಮ್ಮ ದೇಶದಲ್ಲಿ 2004ರ ಏಪ್ರಿಲ್ 1ರಂದು ಸರ್ಕಾರವು ಈ ಔಷಧಗಳನ್ನು ಉಚಿತವಾಗಿ ಕೊಡಲಾರಂಭಿಸಿತು. ಸೋಂಕಿನ ಕಾರಣದಿಂದ ಬಾಡಿಗೆಮನೆಯನ್ನು ನಿರಾಕರಿಸುವುದಾಗಲಿ, ಚಿಕಿತ್ಸೆಯನ್ನು ನಿರಾಕರಿಸುವುದಾಗಲಿ ಕೂಡದೆಂದು 2017ರ ಕಾಯಿದೆಯು ವಿಧಿಸಿದೆ. 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಒಂದೇ ಸೂರಿನಡಿ ವಾಸಿಸುವುದರಿಂದಾಗಲಿ, ಒಟ್ಟಿಗೆ ಉಣ್ಣುವುದರಿಂದಾಗಲಿ, ಒಂದೇ ಬಾವಿಯ ನೀರು ಸೇದುವುದರಿಂದಾಗಲಿ ಈ ವೈರಸ್ಸು ಅಂಟುವುದಿಲ್ಲವೆಂಬುದು ಬಹುಕಾಲದಿಂದ ಸ್ಥಿರಪಟ್ಟ ಸತ್ಯ. ಹಾಗಿದ್ದೂ ಗುಟ್ಟು ತಿಳಿದೊಡನೆ ಮನೆ ಬಿಡಿಸುವವರುಂಟು. ಅಂಥವರು ನೆರೆಹೊರೆಯನ್ನು ರೋಗದಿಂದ ರಕ್ಷಿಸಿದಂತಾಗುವುದಿಲ್ಲ. ರೋಗಿಯನ್ನು ಔಷಧದಿಂದ ದೂರ ಮಾಡಿದಂತಾಗುವುದು, ಅಷ್ಟೆ.

ಗುಳಿಗೆಯನ್ನು ಕಾರ್ಖಾನೆ ಮಾಡಬಲ್ಲದು. ಅದನ್ನು ದಿನವೂ ನುಂಗಬಲ್ಲಂತಹ ಬದುಕನ್ನು ಸಮಾಜವೇ ಮಾಡಿಕೊಡಬೇಕು.